ಓಪನ್ ಪಾರ್ಕಿಂಗ್‌ನಲ್ಲಿ ನಿಲ್ಲೋ ಕಾರು: ಬಣ್ಣ ಯಾಕೆ ಹೋಗುತ್ತೆ, ಒಳಗಡೆ ಯಾಕೆ ಬೇಯುತ್ತೆ?

ಇವತ್ತಿನ ಮಾತು ಕಾರಿನ ಬಗ್ಗೆ. ಯಾವ ಕಾರು ತಗೋಬೇಕು ಅಂತಲ್ಲ, ಇರೋ ಕಾರನ್ನ ಬಿಸಿಲಿಂದ ಹೇಗೆ ಕಾಪಾಡ್ಕೊಳ್ಳೋದು ಅಂತ. ನಾನು ಇದನ್ನ ಕಲಿತಿದ್ದು ಒಂದು ಕಾರು ಹಾಳು ಮಾಡಿದ ಮೇಲೆ. ಅದೂ ಅಪ್ಪನ ಕಾರು.

ಅಪ್ಪ 2014ರಲ್ಲಿ ದಾವಣಗೆರೆಯಲ್ಲಿ ಕೊಂಡ ಕೆಂಪು ಹ್ಯಾಚ್‌ಬ್ಯಾಕ್. ಐದು ವರ್ಷ ಮನೆ ಮುಂದಿನ ಪೋರ್ಟಿಕೋದಲ್ಲಿ ನೆರಳಲ್ಲೇ ಇತ್ತು. ನಾನು ಸಂಸಾರ ಸಮೇತ ಹೈದರಾಬಾದಿಗೆ ಬಂದಾಗ "ನನಗೆ ಇನ್ನೇನು ಬೇಕು, ಮಗೂನ ಬಿಸಿಲಲ್ಲಿ ಆಟೋದಾಗೆ ಕರ್ಕೊಂಡ್ ಹೋಗಬೇಡ" ಅಂತ ಕೀ ಕೊಟ್ರು. ಇಲ್ಲಿ ಕೊಂಡಾಪುರದಲ್ಲಿ ಬಾಡಿಗೆಯವರಿಗೆ ಸಿಕ್ಕಿದ್ದು ಓಪನ್ ಪಾರ್ಕಿಂಗ್. ನಾಲ್ಕು ಬೇಸಿಗೆ ಕಳೆಯೋಷ್ಟರಲ್ಲಿ ರೂಫ್, ಬಾನೆಟ್ ಎರಡೂ ಬೆಳ್ಳಗೆ ಮಂಕಾಗಿ, ಆಮೇಲೆ ಹಪ್ಪಳದ ಥರ ಏಳೋಕೆ ಶುರುವಾಯ್ತು. ಅಪ್ಪ ಬಂದವರು ಬಾನೆಟ್ ಮೇಲೆ ಕೈ ಆಡಿಸಿ "ಏನಪ್ಪಾ ಇದು, ಹಿಂಗೆ ಸಿಪ್ಪೆ ಎದ್ದೈತಲ್ಲ" ಅಂದ್ರು. ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.

ಎದ್ದಿದ್ದು ಬಣ್ಣ ಅಲ್ಲ, ಅದರ ಮೇಲಿನ ಕ್ಲಿಯರ್ ಕೋಟ್. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಪಾರದರ್ಶಕವಾದ ಒಂದು ಪದರ ಇರುತ್ತೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದ್ರೆ ನಮ್ಮ ತಲೆಕೂದಲಿಗಿಂತ ತೆಳು. ಹೊಳಪು ಅದರದ್ದೇ, ನೇರಳಾತೀತ ಕಿರಣ ತಡೆಯೋ ರಾಸಾಯನಿಕ ಇರೋದೂ ಅದರಲ್ಲೇ. ವರ್ಷಾನುಗಟ್ಟಲೆ ಬಿಸಿಲು ತಿಂದು ಆ ರಾಸಾಯನಿಕ ಸವೆದ ಮೇಲೆ ಪದರ ಬಿರುಕು ಬಿಡುತ್ತೆ. ಒಮ್ಮೆ ಸಿಪ್ಪೆ ಏಳೋಕೆ ಶುರುವಾದ್ರೆ ಯಾವ ಪಾಲಿಶೂ ಕೂಡಿಸಲ್ಲ, ಉಜ್ಜಿ ತೆಗೆದು ಮತ್ತೆ ಪೇಂಟ್ ಮಾಡಿಸೋದೇ ದಾರಿ.

ಆದ್ರೆ ಬಿಸಿಲೊಂದನ್ನೇ ಬೈಯೋ ಹಾಗಿಲ್ಲ. ನನ್ನ ಕೈಯೂ ಇತ್ತು. ಮಂಕಾದಾಗೆಲ್ಲ ರಬ್ಬಿಂಗ್ ಪಾಲಿಶ್ ಮಾಡಿಸ್ತಿದ್ದೆ. ಯುಗಾದಿಗೊಂದು, ಆಯುಧಪೂಜೆಗೊಂದು. ಮಾಡಿಸಿದ ದಿನ ಫಳಫಳ ಅನ್ನುತ್ತೆ ನಿಜ. ಆದ್ರೆ ರಬ್ಬಿಂಗ್ ಅಂದ್ರೆ ಮೇಲಿನ ಪದರವನ್ನೇ ಸ್ವಲ್ಪ ತೇಯೋದು. ಇರೋದೇ ಕೂದಲಷ್ಟಿಲ್ಲ, ಅದನ್ನ ವರ್ಷಕ್ಕೆರಡು ಸಲ ತೇಯ್ದರೆ ಉಳಿಯೋದೇನು? ಸರ್ವಿಸ್ ಬಿಲ್‌ನಲ್ಲಿ ಕೇಳದೇನೇ ಇದನ್ನ ಸೇರಿಸಿರ್ತಾರೆ, ಬೇಡ ಅಂತ ಮೊದಲೇ ಬರೆಸಿ.

ಬೇಕಿರೋದು ತೇಯೋದಲ್ಲ, ಸವರೋದು. ವ್ಯಾಕ್ಸ್ ಅಥವಾ ಪೇಂಟ್ ಸೀಲೆಂಟ್. ನಮ್ಮ ಬಿಸಿಲಿಗೆ ವ್ಯಾಕ್ಸ್ ಬೇಗ ಹೋಗುತ್ತೆ, ಸೀಲೆಂಟ್ ಕೆಲವು ತಿಂಗಳು ನಿಲ್ಲುತ್ತೆ. ನಾನೀಗ ಫೆಬ್ರವರಿ ಕೊನೆಗೊಂದು ಸಲ, ಮಳೆ ಮುಗಿದ ಮೇಲೊಂದು ಸಲ ನೆರಳಲ್ಲಿ ನಿಲ್ಲಿಸಿ, ಬಾಡಿ ತಣ್ಣಗಿದ್ದಾಗ ಹಚ್ತೀನಿ. ಸಿರಾಮಿಕ್ ಕೋಟಿಂಗ್? ಹೊಸ ಕಾರಾದ್ರೆ, ದುಡ್ಡಿದ್ರೆ, ಮಾಡಿಸಿ. ಕೊಳೆ ಅಂಟೋದು ಕಡಿಮೆ ಆಗುತ್ತೆ. ಆದ್ರೆ "ಐದು ವರ್ಷ ಏನೂ ನೋಡ್ಬೇಕಾಗಿಲ್ಲ ಸರ್" ಅನ್ನೋರನ್ನ ನಂಬಬೇಡಿ. ಅದು ಬಿಸಿಲಿಗೆ ಹಿಡಿದ ಕೊಡೆ ಅಲ್ಲ, ಕಾರಿನ ಬಿಸಿಯನ್ನಂತೂ ಇಳಿಸೋದೇ ಇಲ್ಲ.

ಮರದ ನೆರಳು ಸಿಕ್ಕಿದ್ರೆ ನಿಲ್ಲಿಸಿ, ಆದ್ರೆ ಹಕ್ಕಿ ಹಿಕ್ಕೆ ಬಗ್ಗೆ ಎಚ್ಚರ. ಬಿಸಿಗೆ ಕ್ಲಿಯರ್ ಕೋಟ್ ಮೆದುವಾಗಿರುತ್ತೆ. ಸಂಜೆ ತಣ್ಣಗಾಗುವಾಗ ಒಣಗಿದ ಹಿಕ್ಕೆಯ ಅಚ್ಚು ಅದರಲ್ಲೇ ಕೂತುಬಿಡುತ್ತೆ. ಒಣಗಿದ್ದನ್ನ ಉಗುರಲ್ಲಿ ಕೆರೀಬೇಡಿ, ಒದ್ದೆ ಬಟ್ಟೆ ಐದು ನಿಮಿಷ ಹಾಕಿಟ್ಟು ಎತ್ತಿ. ಪೂಜೆಗೆ ಹಚ್ಚಿದ ಕುಂಕುಮ, ಬಾಳೆಕಂದು ಕಟ್ಟೋಕೆ ಅಂಟಿಸಿದ ಟೇಪು, ಇವನ್ನೂ ಸಂಜೆಗೇ ತೆಗೀರಿ. ನಮ್ಮ ಬಾನೆಟ್ ಮೇಲೆ ಒಂದು ಟೇಪಿನ ಗುರುತು ಎರಡು ವರ್ಷ ಇತ್ತು.

ಕವರ್ ಹಾಕಿದ್ರೆ ಮುಗೀತು ಅನ್ಕೋಬೇಡಿ. ಧೂಳು ಕೂತ ಕಾರಿನ ಮೇಲೆ ಕವರ್ ಎಳೆದ್ರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತೆ. ತೊಳೆದ ದಿನ ಮಾತ್ರ ಹಾಕಿ. ಇನ್ನು ಬೆಳಿಗ್ಗೆ ಒಂದೇ ಬಕೆಟ್ಟು, ಒಂದೇ ಬಟ್ಟೇಲಿ ಇಡೀ ಅಪಾರ್ಟ್‌ಮೆಂಟಿನ ಕಾರು ಒರೆಸೋ ಹುಡುಗನಿಗೆ ನಾನೇ ಎರಡು ಮೈಕ್ರೋಫೈಬರ್ ಬಟ್ಟೆ ಕೊಟ್ಟಿದೀನಿ. ಬೋರ್‌ವೆಲ್ ನೀರು ಬಿಸಿಲಲ್ಲೇ ಒಣಗಿದ್ರೆ ಬಿಳಿ ಚುಕ್ಕೆ ಉಳಿಯುತ್ತೆ, ಒಣ ಬಟ್ಟೆಯಲ್ಲಿ ಒರೆಸೋಕೂ ಹೇಳಿ.

ಈಗ ಒಳಗಡೆ. 2018ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು, ಹೊರಗೆ 38 ಡಿಗ್ರಿ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿದ್ದ ದಿನಗಳಲ್ಲಿ ಅಳೆದ ಲೆಕ್ಕ ಪ್ರಕಟ ಮಾಡಿದ್ರು. ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ, ಸ್ಟಿಯರಿಂಗ್ 53, ಸೀಟು 51. ನೆರಳಲ್ಲಿ ನಿಂತದ್ದರ ಡ್ಯಾಶ್‌ಬೋರ್ಡ್ 48. ಮೇ ತಿಂಗಳ ಹೈದರಾಬಾದ್ ಏನೂ ಕಮ್ಮಿಯಿಲ್ಲ. ಮಗಳ ಚೈಲ್ಡ್ ಸೀಟಿನ ಬಕಲ್ ಒಂದ್ಸಲ ತೊಡೆಗೆ ತಾಗಿ ಕೆಂಪಗೆ ಬರೆ ಬಿದ್ದಿತ್ತು. ಅವತ್ತಿಂದ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿಡ್ತೀವಿ, ಕೂರಿಸೋ ಮೊದಲು ಬಕಲ್ ಕೈಯಲ್ಲಿ ಮುಟ್ಟಿ ನೋಡ್ತೀವಿ. ಕಿಟಕಿ ಒಂದು ಬೆರಳಷ್ಟು ಇಳಿಸಿಟ್ರೆ ಸಾಕು ಅನ್ನೋದು ತಪ್ಪು, ಅದರಿಂದ ಹೆಚ್ಚೇನೂ ತಣಿಯಲ್ಲ. ಮಗು ಮಲಗಿದೆ, ಎರಡೇ ನಿಮಿಷ ಅಂತ ಬಿಟ್ಟು ಹೋಗೋ ಮಾತೇ ಬೇಡ.

ಮುಂದಿನ ಗಾಜಿಗೆ ಒಳಗಿಂದ ಮಡಚೋ ಸನ್‌ಶೇಡ್ ಇಡಿ, ಬೆಳ್ಳಿ ಬಣ್ಣದ ಕಡೆ ಹೊರಕ್ಕೆ, ಗಾಜಿಗೆ ಒತ್ತಿಕೊಂಡಿರಬೇಕು. ಡ್ಯಾಶ್‌ಬೋರ್ಡಿಗೆ ಎಣ್ಣೆಯಂತೆ ಹೊಳೆಯೋ ಸ್ಪ್ರೇ ಹೊಡೀಬೇಡಿ. ಧೂಳು ಹಿಡಿಯುತ್ತೆ, ಗಾಜಲ್ಲಿ ಪ್ರತಿಬಿಂಬ ಬಿದ್ದು ಕಣ್ಣು ಕುಕ್ಕುತ್ತೆ. ಕಪ್ಪು ಫಿಲ್ಮ್ ಅಂಟಿಸೋ ಆಸೆ ಬೇಡ: ಹಿಂದೆ ಮುಂದಿನ ಗಾಜಲ್ಲಿ ಶೇಕಡಾ 70, ಪಕ್ಕದ್ದರಲ್ಲಿ 50 ಬೆಳಕು ದಾಟಬೇಕು ಅನ್ನೋದು ನಿಯಮ, ಚಲನ್ ಬೀಳುತ್ತೆ. ಪವರ್‌ಬ್ಯಾಂಕ್, ಡಿಯೋಡರೆಂಟ್ ಡಬ್ಬಿ, ಲೈಟರ್ ಮಾತ್ರ ದಯವಿಟ್ಟು ಒಳಗಡೆ ಬಿಡಬೇಡಿ.

ಹತ್ತಿದ ತಕ್ಷಣ ಏಸಿ ಹಾಕೋದಲ್ಲ, ನಾಲ್ಕೂ ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿ. ಒಳಗಿನ ಬಿಸಿಗಾಳಿ ಹೋದ ಮೇಲೆ ಏಸಿ ಹಾಕಿ.

ಅಪ್ಪನ ಕಾರಿನ ರೂಫ್, ಬಾನೆಟ್ ಎರಡನ್ನೂ ಪೇಂಟ್ ಮಾಡಿಸಿದೆ. ಹೊಸ ಕೆಂಪು ಹಳೇ ಕೆಂಪಿಗೆ ಪೂರ್ತಿ ಹೊಂದಿಲ್ಲ, ಬಾಗಿಲ ಪಕ್ಕ ನಿಂತು ನೋಡಿದ್ರೆ ಗೊತ್ತಾಗುತ್ತೆ. ಜೂನ್‌ನಲ್ಲಿ ಅಪ್ಪ ಬರ್ತಿದ್ದಾರೆ. ಕಾಚಿಗುಡ ಸ್ಟೇಷನ್ನಿಗೆ ಅದರಲ್ಲೇ ಹೋಗ್ತೀನಿ.