ಏದುಸಿರಿಗೆ ಕಾಲಿನ ಚಿಕಿತ್ಸೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ವಯಸ್ಸಾದವರ ಏದುಸಿರಿಗೆ ಹೆಸರು ಹಲವು: ದಮ್ಮು, ಗೂರಲು, ಉಬ್ಬಸ. ಕಾರಣ ಕೇಳಿದರೆ ಮಾತ್ರ ಉತ್ತರ ಒಂದೇ, 'ವಯಸ್ಸಾಯ್ತಲ್ಲ'. ಬಹುಮಟ್ಟಿಗೆ ಇದರ ಮೂಲ ವಯಸ್ಸಲ್ಲ, ಹೊಗೆ. ಗಂಡಸರಿಗೆ ಬೀಡಿಯದು, ಹೆಂಗಸರಿಗೆ ಸೌದೆ ಒಲೆಯದು. ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತ ಆಯುಷ್ಯ ಸವೆಸಿದವರಿಗೆ ಅದರ ಹೊಗೆಯೂ ಸೇರಿತು. ವೈದ್ಯರು ಸಿ.ಒ.ಪಿ.ಡಿ. ಎನ್ನುವ ಕಾಯಿಲೆ ಇದು. ಪಕ್ಕದ ಮೈಸೂರು ಜಿಲ್ಲೆಯ ಹಳ್ಳಿಗಾಡಿನ ಸಮೀಕ್ಷೆಯೊಂದು 2009ರಲ್ಲಿ ಪ್ರಕಟವಾಯಿತು. ಅದರಂತೆ 40 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಈ ಕಾಯಿಲೆ ಇತ್ತು.

ಹಾಳಾದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ. ಸೇದುವ ಔಷಧಿ ಬಿಗಿದ ಶ್ವಾಸನಾಳವನ್ನು ತುಸು ಸಡಿಲಿಸುತ್ತದೆ, ಅಷ್ಟೆ. ಆದರೆ ರೋಗಿಯನ್ನು ಮೂಲೆಗೆ ಕೂರಿಸುವುದು ಶ್ವಾಸಕೋಶವೊಂದೇ ಅಲ್ಲ. ನಡೆದರೆ ದಮ್ಮು ಬರುತ್ತದೆಂದು ಅಜ್ಜ ನಡೆಯುವುದನ್ನು ಬಿಡುತ್ತಾನೆ. 'ಸುಮ್ಮನೆ ಕೂತ್ಕೊಳಪ್ಪ' ಎಂದು ಮನೆಯವರೂ ಕಕ್ಕುಲಾತಿಯಿಂದ ಹೇಳುತ್ತಾರೆ. ತಿಂಗಳೊಪ್ಪತ್ತಿನಲ್ಲಿ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಅಷ್ಟೇ ಕೆಲಸಕ್ಕೆ ಹೆಚ್ಚು ಉಸಿರು ಬೇಡುತ್ತದೆ. ಈಗ ಬಚ್ಚಲಿಗೆ ಹೋಗಿಬಂದರೂ ದಮ್ಮು!

ಒಂದು ಕಾಲಕ್ಕೆ ವೈದ್ಯರೂ ವಿಶ್ರಾಂತಿಯನ್ನೇ ಹೇಳುತ್ತಿದ್ದರು. ನಡೆಸಿದರೆ ರೋಗಿ ಚೇತರಿಸುತ್ತಾನೆಂದು ಅಮೆರಿಕದ ಆಲ್ವನ್ ಬರಾಕ್ 1952ರಲ್ಲಿ ಬರೆದಾಗ ಹೆಚ್ಚು ಜನ ಕಿವಿಗೊಡಲಿಲ್ಲ. 2015ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 65 ಪ್ರಯೋಗಗಳನ್ನು, 3,800ಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟಿಗೆ ನೋಡಿತು. ಉಪಯೋಗವಿದೆಯೇ ಎಂದು ತಿಳಿಯಲು ಇನ್ನು ಹೊಸ ಪ್ರಯೋಗ ಬೇಕಿಲ್ಲ ಎಂದಿತು. ವೈದ್ಯಶಾಸ್ತ್ರದಲ್ಲಿ ಇಂಥ ಮಾತು ಅಪರೂಪ.

ಚಿಕಿತ್ಸೆಯಲ್ಲಿ ದೊಡ್ಡ ಯಂತ್ರವೇನೂ ಇಲ್ಲ. 6 ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ಮೊದಲು ಅಳೆಯುತ್ತಾರೆ. ಆಮೇಲೆ 8ರಿಂದ 12 ವಾರ ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ನೀರಿನ ಬಾಟಲಿ ಹಿಡಿದು ತೋಳೆತ್ತುವುದು. ಜೊತೆಗೆ ಉಸಿರಿನ ಅಭ್ಯಾಸ: ಮೂಗಿನಿಂದ ಎಳೆದುಕೊಂಡು, ತುಟಿ ಮುಂದೆ ಮಾಡಿ ನಿಧಾನವಾಗಿ ಬಿಡುವುದು. ಹಾಗೆ ಬಿಟ್ಟರೆ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ. ಹಳ್ಳಿಯ ಅಜ್ಜಿಯರಿಗೆ ಇದನ್ನು ಹೆಚ್ಚು ಹೇಳಿಕೊಡಬೇಕಿಲ್ಲ; ಊದುಗೊಳವೆ ಹಿಡಿದ ತುಟಿಗೆ ಆಕಾರ ಗೊತ್ತು. ಜೋರಾಗಿ ಊದಬಾರದು, ಅಷ್ಟೇ ವ್ಯತ್ಯಾಸ.

ತೊಡಕಿರುವುದು ದೂರದಲ್ಲಿ. ಬಸ್ ನಿಲ್ದಾಣದವರೆಗೆ ನಡೆಯಲಾರದವರು ಮಳವಳ್ಳಿಯಿಂದ ಮೂವತ್ತು ಕಿಲೋಮೀಟರಿಗೂ ಮಿಕ್ಕ ಮಂಡ್ಯಕ್ಕೆ ವಾರಕ್ಕೆರಡು ಸಲ ಹೋಗಿಬರುವುದು ಹೇಗೆ? 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು ದಾರಿ ತೋರಿಸಿದೆ. ಅಲ್ಲಿ ಚಿಕಿತ್ಸಕರು ಒಮ್ಮೆ ಮನೆಗೆ ಹೋಗಿ ಹೇಳಿಕೊಟ್ಟರು, ಆಮೇಲೆ ವಾರಕ್ಕೊಂದು ಫೋನ್ ಮಾಡಿದರು. 8 ವಾರದ ಕೊನೆಗೆ ಫಲಿತಾಂಶ ಆಸ್ಪತ್ರೆಯಲ್ಲಿ ಕಲಿತವರಿಗಿಂತ ಕಡಿಮೆ ಇರಲಿಲ್ಲ. ಫೋನ್ ಇಲ್ಲದ ಮನೆ ಈಗ ನಮ್ಮಲ್ಲೂ ಕಡಿಮೆ.

ಶುರುಮಾಡುವ ಮೊದಲು ವೈದ್ಯರು ಹೃದಯವನ್ನೂ ಒಮ್ಮೆ ನೋಡಬೇಕು. ನಡೆಯುವಾಗ ಸ್ವಲ್ಪ ಏದುಸಿರು ಬಂದರೆ ಗಾಬರಿ ಬೇಡ, ನಾಲ್ಕು ಮಾತು ಆಡಲು ಆಗುತ್ತಿದ್ದರೆ ಸಾಕು. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.