ಅರ್ಧಕ್ಕೆ ನಿಂತ ಎಂಜಿನ್ನು

ಕುಮಾರವ್ಯಾಸನು ಭಾರತವನ್ನು ಹತ್ತು ಪರ್ವಗಳವರೆಗೆ ಹಾಡಿ ನಿಲ್ಲಿಸಿದನು. ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಬರೆದು ಪೂರೈಸಿದನು. ಬಾಣಭಟ್ಟನ ಕಾದಂಬರಿಯನ್ನು ಕೊನೆಮುಟ್ಟಿಸಿದವನು ಅವನ ಮಗ. ಜಿನಸೇನಾಚಾರ್ಯರು ನಡುವೆಯೇ ಬಿಟ್ಟುಹೋದ ಮಹಾಪುರಾಣವನ್ನು ಮುಗಿಸಿದವರು ಅವರ ಶಿಷ್ಯರಾದ ಗುಣಭದ್ರಾಚಾರ್ಯರು. ಆರಂಭಿಸಿದವರಿಗೆ ಸಲ್ಲುವ ಕೀರ್ತಿ ಪೂರೈಸಿದವರಿಗೆ ಸಲ್ಲುವುದಿಲ್ಲ. ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಅವರಿಗೆ ಒಂದೋ ಎರಡೋ ಸಾಲು. ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿದ ನಾನೂ ತರಗತಿಯಲ್ಲಿ ಅವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಕೊಟ್ಟವನಲ್ಲ. ಅವರ ಕೆಲಸ ಎಂಥದೆಂಬುದನ್ನು ನನಗೆ ಮನಗಾಣಿಸಿದ್ದು ಕಾವ್ಯವಲ್ಲ, ಕಬ್ಬಿಣ. ಆ ಕಬ್ಬಿಣದ ವಿಷಯವನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ನನ್ನ ಮಗ ಇಂಗ್ಲೆಂಡಿನಲ್ಲಿ ಎಂಜಿನಿಯರು. 2022 ಮತ್ತು 2023ರ ಬೇಸಗೆಗಳನ್ನು ನಾನು ಅವನ ಮನೆಯಲ್ಲಿ ಕಳೆದೆ. ಆ ಎರಡು ಬೇಸಗೆಗಳಲ್ಲಿ ನಾವಿಬ್ಬರೂ ಸೇರಿ ಒಂದು ಡೀಸೆಲ್ ರೈಲು ಎಂಜಿನ್ನಿನ ಮಾದರಿಯನ್ನು ಕಟ್ಟಿ ಮುಗಿಸಿದೆವು. ಅದನ್ನು ಕಟ್ಟಲು ತೊಡಗಿದ್ದವರು ಆ ಊರಿನ ಒಬ್ಬ ಹಿರಿಯರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಅರೆಮುಗಿದ ಎಂಜಿನ್ನನ್ನೂ ನಾಲ್ಕು ಪೆಟ್ಟಿಗೆ ಬಿಡಿಭಾಗಗಳನ್ನೂ ನನ್ನ ಮಗನಿಗೆ ಒಪ್ಪಿಸಿದರು. ಅವರು ಕೇಳಿದ್ದು ಒಂದೇ: ಅದು ಕಪಾಟಿನಲ್ಲಿ ಕೂರಬಾರದು, ಮಕ್ಕಳನ್ನು ಕೂರಿಸಿಕೊಂಡು ಓಡಬೇಕು.

ಮಾದರಿ ಎಂದೊಡನೆ ಮೇಜಿನ ಮೇಲಿಡುವ ಆಟಿಕೆಯನ್ನು ನೆನೆಯಬಾರದು. ಬ್ರಿಟನ್ನಿನಲ್ಲಿ ಇದಕ್ಕೊಂದು ದೀರ್ಘ ಪರಂಪರೆಯೇ ಇದೆ. ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ ಅಲ್ಲಿ ಆರಂಭವಾದದ್ದು 1898ರಲ್ಲಿ. ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಒಂದು ಲೇಥು, ಒಂದು ಕೊರೆಯುವ ಯಂತ್ರ, ಕೆಲವು ಅರಗಳನ್ನು ಇಟ್ಟುಕೊಂಡು ಗುಮಾಸ್ತರೂ ಉಪಾಧ್ಯಾಯರೂ ನಿಜವಾದ ಎಂಜಿನ್ನುಗಳನ್ನು ಸಣ್ಣದಾಗಿ ಕಟ್ಟುತ್ತ ಬಂದಿದ್ದಾರೆ. ಇವಕ್ಕೆ ಮೂರೂವರೆ, ಐದು, ಏಳೂಕಾಲು ಅಂಗುಲಗಳ ಹಳಿಯಗಲಗಳು ರೂಢಿಯಲ್ಲಿವೆ. ನಮ್ಮದು ಐದು ಅಂಗುಲದ್ದು. ಬ್ರಿಟನ್ನಿನ ನಿಜವಾದ ಹಳಿಯಗಲ 4 ಅಡಿ 8½ ಅಂಗುಲವಾದ್ದರಿಂದ, ಮಾದರಿ ಮೂಲಕ್ಕಿಂತ ಸುಮಾರು ಹನ್ನೊಂದೂಕಾಲು ಪಟ್ಟು ಚಿಕ್ಕದು. ಹಾಗಿದ್ದರೂ ಅದು ಎರಡೂವರೆ ಅಡಿಗೂ ಉದ್ದ. ಹಿಂದೆ ಗಾಡಿ ಕಟ್ಟಿ ಜನರನ್ನು ಕೂರಿಸಿದರೆ ಎಳೆಯಬಲ್ಲದು.

ನಮ್ಮ ಮಾದರಿಗೆ ಮೂಲವಾದ ಎಂಜಿನ್ನಿಗೆ ಈಗಿನ ಹೆಸರು ‘ಕ್ಲಾಸ್ 08’. ರೈಲು ನಿಲ್ದಾಣದ ಅಂಗಳದಲ್ಲಿ ಗಾಡಿಗಳನ್ನು ಅತ್ತಿತ್ತ ಸರಿಸಿ ಜೋಡಿಸುವ, ನಾವು ಷಂಟಿಂಗ್ ಎನ್ನುವ ಕೆಲಸಕ್ಕಾಗಿ ಹುಟ್ಟಿದ್ದು ಇದು. 1952ರಿಂದ 1962ರವರೆಗೆ ಬ್ರಿಟಿಷ್ ರೈಲ್ವೆಯ ಕಾರ್ಖಾನೆಗಳಲ್ಲಿ ಇಂಥ 996 ಎಂಜಿನ್ನುಗಳು ತಯಾರಾದವು. ಶಕ್ತಿ ಬರಿಯ 350 ಅಶ್ವಬಲ. ವೇಗ ಗಂಟೆಗೆ ಹದಿನೈದು ಇಪ್ಪತ್ತು ಮೈಲಿ. ಚೆಲುವಿನಲ್ಲಾಗಲಿ ವೇಗದಲ್ಲಾಗಲಿ ಹೆಸರು ಮಾಡಿದ್ದಲ್ಲ. ಆದರೂ ಇದರ ಓರಗೆಯ ಎಷ್ಟೋ ವೇಗದ ಎಂಜಿನ್ನುಗಳು ಗುಜರಿ ಸೇರಿದ ಬಳಿಕವೂ ಇದರಲ್ಲಿ ಕೆಲವು ದುಡಿಯುತ್ತಲೇ ಇವೆ.

ಡೀಸೆಲ್ ಎಂಜಿನ್ನು ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಇದರಲ್ಲಿ ಡೀಸೆಲ್ಲು ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ಒಂದು ಜನರೇಟರನ್ನು ತಿರುಗಿಸುತ್ತದೆ. ಜನರೇಟರಿನ ವಿದ್ಯುತ್ತು ಮೋಟಾರುಗಳಿಗೆ ಹರಿಯುತ್ತದೆ. ಗಾಲಿಯನ್ನು ತಿರುಗಿಸುವವು ಮೋಟಾರುಗಳು. ತನ್ನ ವಿದ್ಯುತ್ ಕೇಂದ್ರವನ್ನು ತಾನೇ ಹೊತ್ತು ತಿರುಗುವ ವಿದ್ಯುತ್ ರೈಲು ಎಂದರೆ ಸರಿಯಾದೀತು. 1962ರಿಂದ ನಮ್ಮ ದೇಶದಲ್ಲಿ ಓಡಿದ, ಅನೇಕರು ನಿಲ್ದಾಣಗಳಲ್ಲಿ ನೋಡಿರುವ ಡಬ್ಲ್ಯುಡಿಎಂ-2 ಎಂಜಿನ್ನಿನ ತತ್ತ್ವವೂ ಇದೇ. ಮಾದರಿಯಲ್ಲಿ ಡೀಸೆಲ್ಲಿನ ಜಾಗದಲ್ಲಿ ಬ್ಯಾಟರಿ ಕೂರುತ್ತದೆ. ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ ಇಪ್ಪತ್ತನಾಲ್ಕು ವೋಲ್ಟು. ಅದರಿಂದ ಎರಡು ಮೋಟಾರು. ಮೋಟಾರಿನಿಂದ ಸರಪಳಿಯ ಮೂಲಕ ಗಾಲಿಯ ಅಚ್ಚಿಗೆ ಚಲನೆ. ಉಗಿಯ ಮಾದರಿ ಕಟ್ಟುವವನಿಗೆ ಬಾಯ್ಲರಿನ ಒತ್ತಡದ ಪರೀಕ್ಷೆ, ಕಲ್ಲಿದ್ದಲು, ನೀರು ಎಂಬ ಚಿಂತೆಗಳುಂಟು. ಡೀಸೆಲ್ ಮಾದರಿಗೆ ಅವಿಲ್ಲ. ಅದಕ್ಕೆ ಬೇರೆ ಕಷ್ಟಗಳಿವೆ.

ಅರೆಮುಗಿದ ಕಿಟ್ಟನ್ನು ಕೈಗೆತ್ತಿಕೊಂಡವನು ಮೊದಲು ಮಾಡಬೇಕಾದದ್ದು ಕಟ್ಟುವುದಲ್ಲ, ಓದುವುದು. ನಕ್ಷೆಯನ್ನು ಗೋಡೆಗೆ ಹಚ್ಚಿ, ಪೆಟ್ಟಿಗೆಗಳನ್ನು ಬರಿದುಮಾಡಿ, ಒಂದೊಂದು ಭಾಗವನ್ನೂ ಗುರುತಿಸಿ ಪಟ್ಟಿ ಮಾಡುವುದಕ್ಕೇ ನಮಗೆ ಎರಡು ವಾರ ಹಿಡಿಯಿತು. ಉಕ್ಕಿನ ಎರಡು ಪಕ್ಕದ ಫಲಕಗಳು ನಿಂತಿದ್ದವು. ಮೂರು ಅಚ್ಚುಗಳಲ್ಲಿ ಒಂದು ಸಿದ್ಧವಾಗಿತ್ತು. ಮೇಲಿನ ಒಡಲು ಲೇಸರ್ ಕಿರಣದಿಂದ ಕತ್ತರಿಸಿದ ತಗಡುಗಳ ರೂಪದಲ್ಲಿ ಇನ್ನೂ ಚಪ್ಪಟೆಯಾಗಿಯೇ ಇತ್ತು. ತಿರುಪುಮೊಳೆಗಳು ಎರಡು ಜಾತಿಯವು. ಕೆಲವು ಮೆಟ್ರಿಕ್, ಕೆಲವು ಬಿ.ಎ. ಎಂಬ ಹಳೆಯ ಬ್ರಿಟಿಷ್ ಅಳತೆಯವು. ಐದು ಮಿಲಿಮೀಟರಿನ ಮೆಟ್ರಿಕ್ ತೂತಿಗೆ ಎರಡನೆಯ ನಂಬರಿನ ಬಿ.ಎ. ತಿರುಪು ಸಲೀಸಾಗಿ ಹೋಗುತ್ತದೆ. ಸುತ್ತುಗಳೂ ಹೆಚ್ಚುಕಡಿಮೆ ಹೊಂದುತ್ತವೆ. ಆದರೆ ಅದರ ದಪ್ಪ 4.7 ಮಿಲಿಮೀಟರು ಮಾತ್ರ, ಹಿಡಿತ ಸಡಿಲ. ಕಂದಪದ್ಯದ ನಾಲ್ಕು ಮಾತ್ರೆಗಳ ಗಣದ ಜಾಗದಲ್ಲಿ ಐದು ಮಾತ್ರೆ ಸೇರಿಕೊಂಡರೆ ಕಣ್ಣಿಗೆ ತಿಳಿಯದು, ಓದಿದಾಗ ಕಿವಿಗೆ ತಿಳಿಯುತ್ತದೆ. ಇಲ್ಲಿಯೂ ಹಾಗೆಯೇ, ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ.

ನಿಜವಾದ ಚರ್ಚೆ ಹುಟ್ಟಿದ್ದು ಒಂದು ಅಡ್ಡಪಟ್ಟಿಯಿಂದ. ಎರಡು ಪಕ್ಕದ ಫಲಕಗಳನ್ನು ಬಿಗಿಯಾಗಿ ಹಿಡಿಯುವ ಅಡ್ಡಪಟ್ಟಿಗಳಲ್ಲಿ ಒಂದನ್ನು ಆ ಹಿರಿಯರು ನಕ್ಷೆ ತೋರಿಸಿದ ಕಡೆ ಹಾಕಿರಲಿಲ್ಲ. ಕಿಟ್ಟಿನವರೇ ಮಾಡಿಕೊಟ್ಟ ತೂತುಗಳನ್ನು ಖಾಲಿ ಬಿಟ್ಟು, ಅರ್ಧ ಅಂಗುಲ ಹಿಂದಕ್ಕೆ ಬೇರೆ ತೂತು ಕೊರೆದು ಅದನ್ನು ಕೂರಿಸಿದ್ದರು.

“ಅಪ್ಪ, ಇದು ತಪ್ಪಿ ಕೊರೆದದ್ದು. ಮೊದಲಿನ ತೂತಿಗೇ ಹಾಕಿಬಿಡೋಣ,” ಎಂದ ಮಗ.

ಗ್ರಂಥಸಂಪಾದನೆಯ ಪಾಠ ಹೇಳಿದವನಿಗೆ ಇಂಥ ಮಾತನ್ನು ಕೂಡಲೇ ಒಪ್ಪಲು ಮನಸ್ಸು ಬರುವುದಿಲ್ಲ. ಓಲೆಗರಿಯಲ್ಲಿ ಲಿಪಿಕಾರನ ಕೈತಪ್ಪು ಕಂಡರೆ ತಿದ್ದಬೇಕು, ನಿಜ. ಆದರೆ ಅರ್ಥವಾಗದ ಪಾಠವೆಲ್ಲ ಕೈತಪ್ಪಲ್ಲ. ಕ್ಲಿಷ್ಟವಾದ ಪಾಠವೇ ಎಷ್ಟೋ ವೇಳೆ ಕವಿಯ ಪಾಠವಾಗಿರುತ್ತದೆ. ಕೈತಪ್ಪಿಗೆ ಅದರದೇ ಲಕ್ಷಣಗಳಿರುತ್ತವೆ: ಅವಸರ, ಅಸಮತೆ, ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಇಲ್ಲದಿರುವುದು. ಇಲ್ಲಿ ನಾಲ್ಕು ತೂತುಗಳೂ ಒಂದೇ ಅಳತೆಯಲ್ಲಿ ಸರಿದಿದ್ದವು. ಕೊರೆಯುವ ಮುನ್ನ ಗೀರಿದ ಗೆರೆಗಳು ನೇರವಾಗಿದ್ದವು. ತೂತಿನ ಅಂಚುಗಳನ್ನು ಜತನದಿಂದ ನಯಗೊಳಿಸಿತ್ತು. ಇದು ತಪ್ಪಿದ ಕೈಯಲ್ಲ, ಯೋಚಿಸಿದ ಕೈ ಎಂದು ನಾನು ಹೇಳಿದೆ. ಪಟ್ಟಿಯನ್ನು ಮುಟ್ಟದೆ ಮುಂದುವರಿದೆವು. ಎರಡು ತಿಂಗಳ ಮೇಲೆ ಬ್ಯಾಟರಿಗಳನ್ನು ತಂದು ಇಳಿಸಿದಾಗ ಕಾರಣ ಹೊರಬಿತ್ತು. ಪಟ್ಟಿ ನಕ್ಷೆಯ ಜಾಗದಲ್ಲೇ ಇದ್ದಿದ್ದರೆ ಚಿಕ್ಕ ಬ್ಯಾಟರಿ ಮಾತ್ರ ಹಿಡಿಯುತ್ತಿತ್ತು. ಹಿಂದಕ್ಕೆ ಸರಿಸಿದ್ದರಿಂದ ದೊಡ್ಡದು ಬೆರಳಗಲ ಜಾಗ ಉಳಿಸಿ ನೆಟ್ಟಗೆ ಕುಳಿತಿತು. ಮಧ್ಯಾಹ್ನವೆಲ್ಲ ಮಕ್ಕಳನ್ನು ಎಳೆಯಬೇಕಾದ ಎಂಜಿನ್ನು ನಡುವೆ ನಿಲ್ಲಬಾರದೆಂಬುದು ಅವರ ಯೋಚನೆಯಾಗಿದ್ದಿರಬೇಕು. ನಕ್ಷೆಗಿಂತ ಅವರು ಒಂದು ಹೆಜ್ಜೆ ಮುಂದೆ ಹೋಗಿದ್ದರು.

ಎರಡನೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಈ ಎಂಜಿನ್ನಿಗೆ ಆರು ಗಾಲಿಗಳು, ಮೂರು ಅಚ್ಚುಗಳು. ಪ್ರತಿ ಅಚ್ಚಿನ ಎರಡು ತುದಿಗಳಿಗೂ ಕ್ರ್ಯಾಂಕು ಎಂಬ ಹಿಡಿಯುಂಟು. ಪಕ್ಕಕ್ಕೊಂದರಂತೆ ಇರುವ ಉದ್ದನೆಯ ಸರಳುಗಳು ಆ ಹಿಡಿಗಳನ್ನು ಒಂದಕ್ಕೊಂದು ಕಟ್ಟುತ್ತವೆ. ಮೂಲದಲ್ಲಿಯೂ ಮೋಟಾರಿರುವುದು ಹೊರಗಿನ ಎರಡು ಅಚ್ಚುಗಳಿಗೆ ಮಾತ್ರ. ನಡುವಿನದು ಸರಳಿನಿಂದ ತಿರುಗುತ್ತದೆ. ಎಡಬಲದ ಹಿಡಿಗಳ ನಡುವೆ 90 ಡಿಗ್ರಿಯ ಕೋನವಿರಬೇಕು. ಒಂದು ಪಕ್ಕದ ಹಿಡಿಗಳು ಸರಳಿನ ನೇರಕ್ಕೆ ಬಂದು ಬಲಗುಂದಿದಾಗ ಇನ್ನೊಂದು ಪಕ್ಕದವು ಪೂರ್ಣ ಬಲದಲ್ಲಿರಲೆಂದು ಈ ಏರ್ಪಾಡು.

ಆ ಹಿರಿಯರು ಸಿದ್ಧಪಡಿಸಿದ್ದ ಅಚ್ಚನ್ನು ಅಳೆದಾಗ ಕೋನ 89 ಡಿಗ್ರಿ ಇತ್ತು. ನಮಗೆ ಎರಡು ದಾರಿಗಳಿದ್ದವು. ಅವರು ಕೂರಿಸಿದ ಹಿಡಿಯನ್ನು ಕಿತ್ತು 90ಕ್ಕೆ ತಿದ್ದುವುದು ಒಂದು. ಉಳಿದ ಎರಡು ಅಚ್ಚುಗಳನ್ನೂ 89ಕ್ಕೇ ಹೊಂದಿಸುವುದು ಇನ್ನೊಂದು. ಯಂತ್ರಶಾಸ್ತ್ರ ಇಲ್ಲಿ ಒಂದು ಸೊಗಸಾದ ಮಾತು ಹೇಳುತ್ತದೆ. ಕೋನ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಬಾಧಕವಿಲ್ಲ. ಆದರೆ ಮೂರು ಅಚ್ಚುಗಳಲ್ಲಿಯೂ ಅದು ಒಂದೇ ಆಗಿರಬೇಕು. ಎರಡು 90 ಆಗಿ ಒಂದು 89 ಆದರೆ ಸರಳುಗಳು ಬಿಗಿದುಕೊಂಡು ಗಾಲಿ ಕುಂಟುತ್ತದೆ. ಮೂರೂ 89 ಆದರೆ ನೀರಿನಂತೆ ತಿರುಗುತ್ತದೆ. ಅವರ ಅಚ್ಚನ್ನೇ ಪ್ರಮಾಣವಾಗಿಟ್ಟುಕೊಂಡು ಉಕ್ಕಿನ ಒಂದು ಅಚ್ಚುಕಟ್ಟು ಚೌಕಟ್ಟನ್ನು ಮಾಡಿದೆವು. ಹಿಡಿಗಳನ್ನು ಕೂರಿಸಲು ಬಳಸುವುದು ಗಾಳಿ ತಾಗದ ಸಂದಿನಲ್ಲಿ ಮಾತ್ರ ಗಟ್ಟಿಯಾಗುವ ಒಂದು ಅಂಟು. ಹಚ್ಚಿದ ಮೇಲೆ ಕೆಲವೇ ನಿಮಿಷಗಳಲ್ಲಿ ಅದು ಹಿಡಿದುಬಿಡುತ್ತದೆ. ಆಮೇಲೆ ತಿದ್ದಲು ಆಸ್ಪದವಿಲ್ಲ. ಮಗ ಹಿಡಿಯನ್ನು ಒತ್ತಿ ಹಿಡಿದ, ನಾನು ಚೌಕಟ್ಟನ್ನು ಹಿಡಿದೆ. ಮರುದಿನ ಸರಳುಗಳನ್ನು ತೊಡಿಸಿ ಬೆರಳಿನಿಂದ ತಳ್ಳಿದರೆ ಆರು ಗಾಲಿಗಳೂ ಸದ್ದಿಲ್ಲದೆ ತಿರುಗಿದವು.

ತಿಮ್ಮಣ್ಣಕವಿ ಭಾಮಿನಿ ಷಟ್ಪದಿಯನ್ನೇ ಏಕೆ ಹಿಡಿದನೆಂದು ಕೇಳುವವರಿದ್ದರೆ ಇದು ಉತ್ತರವಾದೀತು. ತನಗೆ ಯಾವ ಛಂದಸ್ಸು ಒಗ್ಗುತ್ತದೆಂಬುದು ಪೂರೈಸುವವನ ಪ್ರಶ್ನೆಯಲ್ಲ. ಮೊದಲಿನವನ ಅಚ್ಚು ಯಾವ ಕೋನದಲ್ಲಿದೆಯೋ ಅದೇ ಅವನ ಕೋನ. ಕುಮಾರವ್ಯಾಸನ ಪ್ರತಿಭೆಯನ್ನು ತಿಮ್ಮಣ್ಣ ಮುಟ್ಟಲಿಲ್ಲ, ಸರಿ. ಆದರೆ ಕಥೆಯ ಗಾಲಿ ಕುಂಟದಂತೆ ನೋಡಿಕೊಂಡ.

ಹಾಗೆಂದು ಪೂರೈಸುವವನು ಕಣ್ಣುಮುಚ್ಚಿ ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯವಲ್ಲ. ಪೆಟ್ಟಿಗೆಯಲ್ಲಿದ್ದ ತಂತಿಗಳ ಹೊದಿಕೆ ವರ್ಷಗಳು ಕಳೆದು ಪೆಡಸಾಗಿ ಬಿರುಕುಬಿಟ್ಟಿತ್ತು. ಅವನ್ನು ಒಂದು ಕ್ಷಣವೂ ಯೋಚಿಸದೆ ಎಸೆದೆವು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಚಾಲಕನ ಕೈಗೆಟಕುವಲ್ಲಿ ಎಲ್ಲವನ್ನೂ ಒಮ್ಮೆಗೇ ಕಡಿಯುವ ಸ್ವಿಚ್ಚು, ಹಿಂದಿನ ಗಾಡಿಗೆ ಬ್ರೇಕು, ಇವು ನಮ್ಮ ಸೇರಿಕೆಗಳು. ಹಿಂದೆ ಕೂರುವವರು ಮಕ್ಕಳು. ಅಡ್ಡಪಟ್ಟಿಯ ವಿಷಯದಲ್ಲಿ ಗೌರವ ಹೇಗೆ ಕರ್ತವ್ಯವೋ ತಂತಿಯ ವಿಷಯದಲ್ಲಿ ನಿಷ್ಠುರತೆಯೂ ಹಾಗೆಯೇ ಕರ್ತವ್ಯ.

ತೂಕದ ಮಾತನ್ನೂ ಹೇಳಬೇಕು. ಮೂಲ ಎಂಜಿನ್ನು ಸುಮಾರು 49 ಟನ್ನು. ಉದ್ದ ಹನ್ನೊಂದೂಕಾಲು ಪಟ್ಟು ಕುಗ್ಗಿದರೆ ಗಾತ್ರ ಕುಗ್ಗುವುದು ಅದರ ಘನದಷ್ಟು, ಎಂದರೆ ಸಾವಿರದ ನಾನೂರು ಪಟ್ಟಿಗೂ ಮಿಗಿಲು. ಆ ಲೆಕ್ಕದಲ್ಲಿ ಮಾದರಿ ಮೂವತ್ತೈದು ಕಿಲೋ ತೂಗಿದರೆ ಸಾಕು. ಆದರೆ ಎಳೆಯಬೇಕಾದ ಮಕ್ಕಳು ಹನ್ನೊಂದು ಪಟ್ಟು ಕುಗ್ಗುವುದಿಲ್ಲವಲ್ಲ! ಅಷ್ಟು ಹಗುರವಾದರೆ ಗಾಲಿಗಳು ಹಳಿಯ ಮೇಲೆ ಜಾರಿ ನಿಂತಲ್ಲೇ ಸುತ್ತುತ್ತವೆ. ಆದ್ದರಿಂದ ಉಕ್ಕಿನ ತುಂಡುಗಳನ್ನು ಒಳಗೆ ಅಡಗಿಸಿ ತೂಕವನ್ನು ಬೇಕೆಂದೇ ಹೆಚ್ಚಿಸಬೇಕು. ಪ್ರಕೃತಿಯನ್ನು ಅಳತೆಗೋಲಿಗೆ ಕುಗ್ಗಿಸಲಾಗದು ಎಂಬುದು ಈ ಹವ್ಯಾಸದವರ ಹಳೆಯ ಮಾತು. ಮೂಲಕ್ಕೆ ನಿಷ್ಠೆ ಎಲ್ಲಿಯವರೆಗೆ, ಬಳಕೆಗೆ ನಿಷ್ಠೆ ಎಲ್ಲಿಂದ ಎಂಬ ಈ ತೂಗಾಟ ಭಾಷಾಂತರಕಾರರಿಗೂ ಹೊಸದಲ್ಲ.

ಉಗಿ ಎಂಜಿನ್ನು ತನ್ನ ಅಂಗಾಂಗಗಳನ್ನೆಲ್ಲ ಹೊರಗೆ ತೋರಿಸುತ್ತದೆ. ಡೀಸೆಲ್ಲು ಒಂದು ಪೆಟ್ಟಿಗೆಯೊಳಗೆ ಮುಚ್ಚಿಡುತ್ತದೆ. ಆದ್ದರಿಂದ ಇದರ ಸೌಂದರ್ಯವೆಲ್ಲ ಮೇಲ್ಮೈಯಲ್ಲಿ: ಪಕ್ಕದ ಸಾಲು ಬಾಗಿಲುಗಳು, ಅವುಗಳ ತಿರುಗಣೆಗಳು, ಹಿಡಿಗಳು, ಮುಂದಿನ ರೇಡಿಯೇಟರಿನ ಜಾಲಂಧ್ರ, ಏಣಿ. ಒಂದೊಂದು ತಿರುಗಣೆಗೂ ಹಿತ್ತಾಳೆಯ ಚೂರನ್ನು ಅರದಿಂದ ಉಜ್ಜಿ ಬೆಸುಗೆ ಹಾಕುವ ಕೆಲಸದಲ್ಲಿ ಎರಡನೆಯ ಬೇಸಗೆಯ ಹೆಚ್ಚು ಭಾಗ ಕಳೆಯಿತು. ಬಣ್ಣ ಯಾವುದೆಂಬ ಪ್ರಶ್ನೆಗೆ ಉತ್ತರವೂ ಪೆಟ್ಟಿಗೆಯಲ್ಲೇ ಸಿಕ್ಕಿತು. ಒಂದು ಲಕೋಟೆಯಲ್ಲಿ ಅಂಟಿಸುವ ಅಕ್ಷರಗಳಿದ್ದವು: ‘ಡಿ’ ಎಂದು ಆರಂಭವಾಗುವ ಸಂಖ್ಯೆ, ಚಕ್ರ ಹಿಡಿದ ಸಿಂಹದ ಲಾಂಛನ. ಆ ಲಾಂಛನ ಬಂದದ್ದು 1956ರಲ್ಲಿ, ಸಂಖ್ಯೆಯ ಮುಂದಿನ ‘ಡಿ’ ಬಂದದ್ದು 1957ರಲ್ಲಿ. 1965ರಿಂದಾಚೆಗೆ ಹಸಿರು ಹೋಗಿ ನೀಲಿ ಬರತೊಡಗಿತು. ಹಾಗಾದರೆ ಅವರ ಮನಸ್ಸಿನಲ್ಲಿದ್ದದ್ದು ಹಸಿರು ಎಂಜಿನ್ನು. ಹುಡುಗನಾಗಿದ್ದಾಗ ರೈಲಂಗಳದ ಬೇಲಿಗೆ ಒರಗಿ ಇಂಥದನ್ನು ನೋಡುತ್ತ ನಿಲ್ಲುತ್ತಿದ್ದರೆಂದು ಅವರ ಪತ್ನಿ ಆಮೇಲೆ ತಿಳಿಸಿದರು. ಹಸಿರನ್ನೇ ಬಳಿದೆವು, ಎರಡು ತುದಿಗಳಿಗೆ ಕಣಜದ ಮೈಯಂತೆ ಹಳದಿ ಕಪ್ಪು ಪಟ್ಟೆಗಳನ್ನು ಎಳೆದೆವು.

2023ರ ಸೆಪ್ಟೆಂಬರಿನಲ್ಲಿ ಆ ಊರಿನ ಹವ್ಯಾಸಿಗಳ ಸಂಘದ ಹಳಿಯ ಮೇಲೆ ಅದು ಮೊದಲ ಬಾರಿಗೆ ಓಡಿತು. ಸಂಘದ ಹಿರಿಯರೊಬ್ಬರು ಬ್ರೇಕನ್ನೂ ತಂತಿಗಳನ್ನೂ ಪರೀಕ್ಷಿಸಿ ಒಪ್ಪಿದ ಬಳಿಕ ನಾಲ್ವರು ಮಕ್ಕಳು ಹಿಂದೆ ಕುಳಿತರು. ಕಟ್ಟಿದವರು ಯಾರೆಂದು ಯಾರೋ ಕೇಳಿದರು. ಮಗ ಮೊದಲು ಆ ಹಿರಿಯರ ಹೆಸರು ಹೇಳಿದ. ಆಮೇಲೆ, ಮುಗಿಸಿದವರು ನಾವು ಎಂದ.

ಅದೇ ಸರಿಯಾದ ಕ್ರಮವೆಂದು ನಾನು ತಿಳಿದಿದ್ದೇನೆ. ಗುಣಭದ್ರಾಚಾರ್ಯರು ತಮ್ಮ ಗುರುವಿನ ಋಣವನ್ನು ಭಕ್ತಿಯಿಂದ ನೆನೆದಿದ್ದಾರೆ. ಹಾಗೆ ನೆನೆದುದರಿಂದ ಅವರೇನೂ ಚಿಕ್ಕವರಾಗಲಿಲ್ಲ. ಒಬ್ಬರ ಆಯುಸ್ಸಿಗಿಂತ ಉದ್ದವಾದ ಕೆಲಸಗಳು ಲೋಕದಲ್ಲಿ ಬಹಳ ಇವೆ. ನಿಘಂಟುಗಳು, ದೇವಾಲಯಗಳು, ತೋಟಗಳು ಎಲ್ಲವೂ ಅಂಥವೇ. ಅವು ನಿಂತಿರುವುದು ಮೊದಲಿಟ್ಟವನ ಪ್ರತಿಭೆಯಿಂದ ಎಷ್ಟೋ, ಕೊನೆಗೆ ಬಂದವನ ತಾಳ್ಮೆಯಿಂದಲೂ ಅಷ್ಟೇ. ಯಾರಾದರೂ ಅರ್ಧಕ್ಕೆ ಬಿಟ್ಟ ಕೆಲಸ ನಿಮ್ಮ ಕೈಗೆ ಬಂದರೆ, ಅದು ಹಸ್ತಪ್ರತಿಯಾಗಲಿ ಹಿತ್ತಾಳೆಯಾಗಲಿ, ಸಲಕರಣೆಯನ್ನು ಎತ್ತಿಕೊಳ್ಳುವ ಮುನ್ನ ಕೆಲವು ದಿನ ಅದನ್ನು ಸುಮ್ಮನೆ ಓದಿ. ಬಿಟ್ಟುಹೋದವರ ಮಾತು ಅದರಲ್ಲಿ ಇನ್ನೂ ಉಳಿದಿರುತ್ತದೆ.