ವಿದೇಶದಲ್ಲಿ ಆಸ್ತಿ ಖರೀದಿ: ನೋಟರಿಯ ಪಾತ್ರವೇನು?

ಚಾಮರಾಜನಗರದ ಕಪ್ಪು ಗ್ರಾನೈಟ್ ಹೊರದೇಶಗಳಿಗೂ ರಫ್ತಾಗುತ್ತದೆ. ಅಂತಹ ವ್ಯವಹಾರವುಳ್ಳ ಉದ್ಯಮಿಯು ಅಲ್ಲಿಯೇ ಮಳಿಗೆಯನ್ನೋ ಮನೆಯನ್ನೋ ಕೊಳ್ಳಬಯಸಿದಲ್ಲಿ, ‘ನೋಟರಿ’ ಎಂಬ ಪದಕ್ಕೆ ಎಲ್ಲೆಡೆ ಒಂದೇ ಅರ್ಥವಿಲ್ಲವೆಂಬುದನ್ನು ಮೊದಲು ಅರಿಯಬೇಕು.

ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಸೇವೆ ಸಲ್ಲಿಸುವ ನೋಟರಿಗಳು 1952ರ ನೋಟರಿ ಕಾಯ್ದೆಯನ್ವಯ ನೇಮಕಗೊಂಡವರು. ಪತ್ರಕ್ಕೆ ಸಹಿ ಮಾಡಿದವರನ್ನು ದೃಢೀಕರಿಸುವುದು, ಪ್ರಮಾಣ ಬೋಧಿಸುವುದು ಅವರ ಮುಖ್ಯ ಕಾರ್ಯ. ಆಸ್ತಿಯ ಹಕ್ಕು ನಿರ್ದುಷ್ಟವೆಂದು ಅವರ ಮುದ್ರೆ ಸಾರುವುದಿಲ್ಲ. ಕ್ರಯಪತ್ರವು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿಯೇ ನೋಂದಣಿಯಾಗಬೇಕು.

ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿನ ನೋಟರಿಯು ನ್ಯಾಯ ಸಚಿವರಿಂದ ನೇಮಕಗೊಂಡ ಅಧಿಕಾರಿ. ಹಕ್ಕು ಹಾಗೂ ಅಡಮಾನಗಳ ಪರಿಶೀಲನೆ, ಕ್ರಯಪತ್ರದ ರಚನೆ, ತೆರಿಗೆ ಸಂಗ್ರಹ, ದಾಖಲಾತಿ ಇವೆಲ್ಲವೂ ಅವರ ಹೊಣೆ. ಕ್ರಯದ ಹಣವೂ ಅವರ ಮೂಲಕವೇ ಸಾಗುತ್ತದೆ. ಕೊಳ್ಳುವವರು ತಮ್ಮದೇ ನೋಟರಿಯನ್ನು ಗೊತ್ತುಮಾಡಿಕೊಂಡರೂ ಶುಲ್ಕ ಹೆಚ್ಚುವುದಿಲ್ಲ. ಇಬ್ಬರು ನೋಟರಿಗಳೂ ಅದನ್ನು ಹಂಚಿಕೊಳ್ಳುವರು. ಇಂಗ್ಲೆಂಡಿನಲ್ಲಾದರೋ ಹಕ್ಕಿನ ಪರಿಶೀಲನೆಯನ್ನು ಸಾಮಾನ್ಯವಾಗಿ ಸಾಲಿಸಿಟರ್‌ಗಳು ನಡೆಸುತ್ತಾರೆ.

ಫ್ರಾನ್ಸಿಗೆ ಸ್ವತಃ ತೆರಳಲಾಗದವರು ಮುಖ್ತ್ಯಾರ್ ಪತ್ರ ನೀಡಬಹುದು. ಅದರ ಒಕ್ಕಣೆಯನ್ನು ಅಲ್ಲಿನ ನೋಟರಿಯಿಂದಲೇ ಪಡೆದು, ಇಲ್ಲಿನ ನೋಟರಿಯ ಸಮ್ಮುಖದಲ್ಲಿ ಸಹಿ ಮಾಡಬೇಕು. ಬಳಿಕ ರಾಜ್ಯದ ನಿಗದಿತ ಅಧಿಕಾರಿಯ ದೃಢೀಕರಣವನ್ನೂ, ವಿದೇಶಾಂಗ ಸಚಿವಾಲಯದ ‘ಅಪಾಸ್ಟಿಲ್’ ಪ್ರಮಾಣವನ್ನೂ ಪಡೆಯಬೇಕು. ಈ ಅಂತರರಾಷ್ಟ್ರೀಯ ಒಪ್ಪಂದವು ಭಾರತಕ್ಕೆ 2005ರಿಂದ ಅನ್ವಯಿಸಿದೆ.

ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಹಣಕಾಸು ವರ್ಷವೊಂದಕ್ಕೆ 2.5 ಲಕ್ಷ ಡಾಲರ್‌ವರೆಗೆ ಅಧಿಕೃತ ಬ್ಯಾಂಕಿನ ಮೂಲಕ ಕಳುಹಿಸಬಹುದು. ಆದರೆ ಹಕ್ಕಿನ ಪರಿಶೀಲನೆ ಯಾರ ಹೊಣೆಯೆಂಬುದು ಲಿಖಿತವಾಗಿ ಖಚಿತವಾಗುವ ಮುನ್ನ, ಕೇವಲ ಮುದ್ರೆಯನ್ನು ನಂಬಿ ಮುಂಗಡ ಕಳುಹಿಸುವುದು ಉಚಿತವಲ್ಲ.